ಹೊಳೆಗೆ ಕೊಟ್ಟವಳ ಮೊಮ್ಮಗ

ನಮ್ಮ ಮಿಸ್ತ್ರಿ ಹೋಗಿ ಇಂದಿಗೆ ಇಪ್ಪತ್ತು ದಿನ. ಮಾತನಾಡಿಸಲು ಬಂದವರೆಲ್ಲ ‘ವಯಸ್ಸಾಗಿತ್ತು, ಪುಣ್ಯವಂತ, ನರಳಲಿಲ್ಲ’ ಎಂದು ಹೇಳಿ, ಚಹಾ ಕುಡಿದು ಹೋದರು. ನಾನು ತಲೆಯಾಡಿಸಿದೆ. ಹೃದಯ ನಿಂತಿತು ಎಂದು ಡಾಕ್ಟರು ಬರೆದುಕೊಟ್ಟಿದ್ದಾರೆ, ಅದು ಸುಳ್ಳಲ್ಲ. ಆದರೆ ಆ ಹೃದಯಕ್ಕೆ ಕಳೆದ ಜನವರಿಯಲ್ಲಿ ಎಂಥ ಪೆಟ್ಟು ಬಿತ್ತೆಂಬುದು ನಮ್ಮ ಕಡೆಯ ಮೂವರಿಗಷ್ಟೇ ಗೊತ್ತು: ಅವರ ಅಕ್ಕ, ಅವರ ಮಗಳು, ಮತ್ತು ನಾನು.

ನಾನು ಆರನೇ ಇಯತ್ತೆಗೆ ಸಾಲಿ ಬಿಟ್ಟವನು. ಬರೆಯುವುದು ನನ್ನ ಕಸುಬಲ್ಲ. ಆದರೆ ಬನಹಟ್ಟಿಯಲ್ಲಿ ಮಗ್ಗ ಕೆಟ್ಟರೆ ಇವತ್ತಿಗೂ ಮೊದಲು ನನಗೇ ಹೇಳಿ ಕಳಿಸುತ್ತಾರೆ, ಮತ್ತು ಹೋದಲ್ಲಿ ನಾನು ಎರಡನೇ ಸಲ ಹೋಗಬೇಕಾಗಿ ಬಂದಿಲ್ಲ. ಆ ಕೈ ಕೊಟ್ಟವರು ನಮ್ಮ ಮಿಸ್ತ್ರಿ. ಅದಕ್ಕೇ ಬರೆಯುತ್ತಿದ್ದೇನೆ.

ಅವರು ಮಗ್ಗವನ್ನು ಕಣ್ಣಿನಿಂದ ನೋಡುತ್ತಿರಲಿಲ್ಲ. ನಲವತ್ತು ಮಗ್ಗ ಒಟ್ಟಿಗೆ ಬಡಿದುಕೊಳ್ಳುವ ಶೆಡ್ಡಿನ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು, ಕಣ್ಣು ಮುಚ್ಚಿ ನಿಲ್ಲುವರು. ಆಮೇಲೆ ಒಂದು ಬೆರಳು ಮೇಲೇಳುವುದು.

‘ಆ ಮೂಲ್ಯಾಗಿಂದ ಮೂರನೇದು. ಲಾಳಿ ಹೊಡಿಯೂ ಪಟ್ಟಿ ಸಡಿಲ ಆಗೇತಿ.’

ಮಾಲೀಕ ನಗುವನು. ‘ಮಿಸ್ತ್ರಿ, ಈಗ ಒಂದು ತಾಸಿನ ಹಿಂದ ನೋಡೇನಿ, ಏನೂ ಆಗಿಲ್ಲ.’

‘ನೀ ನೋಡಿ. ನಾ ಕೇಳೇನಿ.’

ಪಟ್ಟಿ ಸಡಿಲವೇ ಆಗಿರುತ್ತಿತ್ತು. ಈ ವರ್ಷ ಜನವರಿ ಕಳೆದ ಮೇಲೆ ಮಾತ್ರ ಅವರ ಬೆರಳು ಏಳಲಿಲ್ಲ. ಹೊಸ್ತಿಲಲ್ಲಿ ನಿಂತು, ‘ಏನೂ ಕೇಳವಲ್ದೋ ತಮ್ಮಾ, ನೀನ ಹೋಗು ಒಳಗ’ ಎನ್ನುತ್ತಿದ್ದರು.

ಸಿಟ್ಟು ಅವರ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅವರ ಕಣ್ಣು ಬೂದಿ ಬಣ್ಣದ್ದು, ನಮ್ಮ ಕಡೆ ಯಾರಿಗೂ ಇಲ್ಲದ ಬಣ್ಣ. ಒಮ್ಮೆ ಮುಧೋಳದಲ್ಲಿ ಒಬ್ಬ ನೂಲಿನ ವ್ಯಾಪಾರಿ, ‘ಮಿಸ್ತ್ರಿ, ನಮ್ಮೂರ ನಾಯಿಗೂ ನಿಮಗೂ ಕಣ್ಣು ಒಂದs ನೋಡ್ರಿ’ ಎಂದು ಹಲ್ಲು ಕಿಸಿದ. ಇವರು ಬಿಚ್ಚಿಟ್ಟಿದ್ದ ಮಗ್ಗದ ಭಾಗಗಳನ್ನು ಹಾಗೇ ನೆಲದ ಮೇಲೆ ಬಿಟ್ಟು ಎದ್ದರು. ‘ಹಂಗಾರ ನಾಯಿ ಕಡಿಂದನ ಕೂಡಿಸ್ಕೋ’ ಎಂದು ಬಸ್ಸು ಹತ್ತಿದರು. ಆ ಮನುಷ್ಯ ಮರುದಿನ ಬನಹಟ್ಟಿಗೆ ಬಂದು ಕಾಲು ಹಿಡಿಯುವವರೆಗೆ ಹೋಗಲಿಲ್ಲ.

ಕೆಲಸಕ್ಕೆಂದು ಹೊಳೆಯಾಚೆ ಹೋಗುವಾಗ ಚಿಕ್ಕಪಡಸಲಗಿ ಬ್ಯಾರೇಜಿನ ಮೇಲೆ ದಾಟಬೇಕು. ನಾನು ಬೈಕು ಓಡಿಸುತ್ತಿದ್ದರೆ ಹಿಂದೆ ಕೂತ ಅವರು ಟವೆಲ್ಲಿನಿಂದ ಮುಖ ಮುಚ್ಚಿಕೊಳ್ಳುತ್ತಿದ್ದರು. ನೀರಿಗೆ ಅಂಜುತ್ತಾರೆಂದು ನಾನು ಎಷ್ಟೋ ವರ್ಷ ತಿಳಿದಿದ್ದೆ. ಒಂದು ದಿನ ಅವರೇ ಹೇಳಿದರು:

‘ಅಂಜಿಕಿ ಅಲ್ಲೋ. ಇಲ್ಲೆ ನಮ್ಮ ಆಯಿ ಹೋಗ್ಯಾಳ. ಅಕೀನ ಮ್ಯಾಲ ಗಾಡಿ ಹಾಯಿಸಿದಂಗ ಆಗ್ತೈತಿ.’

ಅಜ್ಜಿಗೆ ನಮ್ಮ ಕಡೆ ಆಯಿ ಎನ್ನುತ್ತೇವೆ. ಅವರ ಆಯಿಯ ಕತೆ ರಬಕವಿ-ಬನಹಟ್ಟಿಯ ಹಳಬರಿಗೆಲ್ಲ ಗೊತ್ತು. ಸಂಸ್ಥಾನದ ಕಾಲದಲ್ಲಿ ಜಮಖಂಡಿಗೆ ಹತ್ತಿಯ ಬೀಜ ಬಿಡಿಸುವ ಎಂಜಿನ್ ಕೂಡಿಸಲು ಸ್ಕಾಟ್ಲೆಂಡಿನ ಒಬ್ಬ ಗೋರಾ ಮಿಸ್ತ್ರಿ ಬಂದ. ನೇಕಾರರ ಹುಡುಗಿಯನ್ನು ಮೆಚ್ಚಿದ, ಒಂದು ಗಂಡುಮಗುವಾಯಿತು. ಎರಡು ವರ್ಷಕ್ಕೆ ಹೇಳದೆ ಕೇಳದೆ ತನ್ನ ದೇಶಕ್ಕೆ ಓಡಿಹೋದ. ಆಯಿ ಕೂಸನ್ನು ತನ್ನ ಅಣ್ಣನ ಕೈಗಿಟ್ಟು ಕೃಷ್ಣೆಗೆ ಬಿದ್ದಳು. ಆ ಕೂಸೇ ನಮ್ಮ ಮಿಸ್ತ್ರಿಯ ಅಪ್ಪ. ಸಾಕಿದವರು ಆಯಿಯ ಅಣ್ಣ. ಅವರನ್ನು ಮನೆಯವರೆಲ್ಲ ಮುತ್ಯಾ, ಅಂದರೆ ಅಜ್ಜ, ಎನ್ನುತ್ತಿದ್ದರು. ನಮ್ಮ ಮಿಸ್ತ್ರಿಯನ್ನು ಹೆಗಲ ಮೇಲೆ ಹೊತ್ತು ಮಗ್ಗದ ಮೊದಲ ಪಾಠ ಹೇಳಿದವರೂ ಆ ಮುತ್ಯಾನೇ.

ಪ್ರತಿ ಮಹಾನವಮಿಗೆ ಹಿರಿಯರ ಪೂಜೆಯ ದಿನ, ಆ ಮನೆಯಲ್ಲಿ ಆಯಿಯ ಹೆಸರಿನಲ್ಲಿ ದೇವರ ಜಗಲಿಯ ಮೇಲೆ ಹೊಸ ಸೀರೆ ಏರಿಸುತ್ತಾರೆ. ಪೂಜೆಯಾದ ಮೇಲೆ ಅದನ್ನು ಮನೆಯ ಹಿರಿಯ ಹೆಣ್ಣುಮಗಳು ಉಡಬೇಕು. ಬಹಳ ವರ್ಷಗಳಿಂದ ಉಡುತ್ತಾ ಬಂದವಳು ಮಿಸ್ತ್ರಿಯ ಅಕ್ಕ ನೀಲವ್ವ. ಸೀರೆಯ ಮುಂದೆ ಕೂತು ಮುತ್ಯಾ ಸಣ್ಣ ಹುಡುಗರ ಹಾಗೆ ಅಳುತ್ತಿದ್ದರೆಂದು, ತಂಗಿಯ ಮೇಲೆ ಎಷ್ಟು ಜೀವ ನೋಡು ಎಂದು, ಅಕ್ಕ ನನಗೆ ಎಷ್ಟೋ ಸಲ ಹೇಳಿದ್ದಾಳೆ.

ಆ ಸೀರೆಯನ್ನು ಅವರು ಕೊಳ್ಳುತ್ತಿರಲಿಲ್ಲ, ಮನೆಯಲ್ಲೇ ನೇಯುತ್ತಿದ್ದರು. ನಮ್ಮ ಭಾಗದ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದನೆಯ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ, ಕುಣಿಕೆಯಲ್ಲಿ ಕುಣಿಕೆ ಸಿಗಿಸಿ ಕೂಡಿಸಬೇಕು. ಅದಕ್ಕೆ ಕೊಂಡಿ ಎನ್ನುತ್ತೇವೆ, ಹೆಂಗಸರ ಕೆಲಸ. ಎಲ್ಲರ ಮನೆಯಲ್ಲೂ ಬಲಗಡೆಯಿಂದ ಹಾಕುತ್ತಾರೆ. ಇವರ ಮನೆಯಲ್ಲಿ ಮಾತ್ರ ಎಡಗಡೆಯಿಂದ, ಕುಣಿಕೆಯೂ ಉಲ್ಟಾ. ಯಾಕೆಂದರೆ ಆಯಿ ಎಡಗೈಯವಳು. ಆಕೆಯ ಕೈ ನೋಡಿ ಅತ್ತಿಗೆ ಕಲಿತಳು, ಅತ್ತಿಗೆಯಿಂದ ಮುಂದಿನವರು. ನೀಲವ್ವಕ್ಕ ಉಣ್ಣುವುದು, ಕಸ ಹೊಡೆಯುವುದು, ಬೈಯುವುದು ಎಲ್ಲ ಬಲಗೈಯಿಂದ. ಕೊಂಡಿ ಮಾತ್ರ ಎಡದಿಂದ. ಓಣಿಯ ಹೆಂಗಸರು ‘ಎಡಗೊಂಡಿ ಮನ್ಯಾರು’ ಎಂದು ನಗುತ್ತಿದ್ದರು.

ಗೋರಾ ಬಿಟ್ಟುಹೋದ ಹತ್ಯಾರದ ಪೆಟ್ಟಿಗೆಯನ್ನು, ಅದರಲ್ಲಿನ ನಟ್ಟು ಬಿಗಿಯುವ ಪಾನಾ ಸಹಿತ, ಮಿಸ್ತ್ರಿ ಕೊನೆಯವರೆಗೂ ಬಳಸಿದರು. ‘ಅಂವಗ ಬೈತೀರಿ, ಅಂವನ ಪಾನಾ ಹಿಡೀತೀರಲ್ಲ’ ಎಂದರೆ, ‘ಅಂವ ಹಲ್ಕಟ್ಟ, ಪಾನಾ ಛಲೋ ಐತಿ’ ಎನ್ನುತ್ತಿದ್ದರು. ಆ ಪೆಟ್ಟಿಗೆಯ ಮುಚ್ಚಳದ ಮೇಲೆ ಅವನ ಹೆಸರೂ ಅವನು ಹುಟ್ಟಿದ ದ್ವೀಪದ ಹೆಸರೂ ಇಂಗ್ಲಿಷಿನಲ್ಲಿ ಕೊರೆದಿತ್ತು. ಮಿಸ್ತ್ರಿಯ ಮಗಳು ಸವಿತಾ ಗ್ಲಾಸ್ಗೋದಲ್ಲಿ ದವಾಖಾನೆಯ ನರ್ಸು. ಅದನ್ನು ಬರೆದುಕೊಂಡು ಹೋಗಿ ಹುಡುಕಿದಳು. ದ್ವೀಪದ ಚರ್ಚಿನವರು ಉತ್ತರ ಬರೆದರು: ಆ ಮನೆ ಇದೆ, ಅವನ ಮೊಮ್ಮಗಳೊಬ್ಬಳು ಇದ್ದಾಳೆ, ಪೆಗ್ಗಿ ಎಂದು, ಎಂಬತ್ತರ ಹತ್ತಿರ.

ಮಿಸ್ತ್ರಿ ಅಂದೇ ಹೋಗುತ್ತೇನೆಂದರು. ಸವಿತಾಗೆ ರಜೆ ಸಿಗುವುದು ಜನವರಿಯಲ್ಲಿ. ‘ಅಪ್ಪಾ, ಥಂಡಿಗೆ ಸತ್ತು ಹೋಗ್ತಿ’ ಎಂದರೂ ಕೇಳಲಿಲ್ಲ. ನಾನು ಮೂರು ವರ್ಷ ದುಬೈಯಲ್ಲಿ ದುಡಿದು ಬಂದವನು, ವಿಮಾನ ಗೊತ್ತು. ಜೊತೆಗೆ ಬಾ ಎಂದರು. ಹೊರಡುವ ದಿನ ನೀಲವ್ವಕ್ಕ ರಬಕವಿಯಿಂದ ಬಂದು ತಮ್ಮನ ಮುಂಗೈ ಹಿಡಿದಳು.

‘ಆ ಮನಿ ಮುಂದ ನಿಂತು ಕೇಳಿ ಬಾ. ನಮ್ಮ ಆಯಿ ಯಾಕ ಸಾಯಬೇಕಾತು ಅಂತ. ಉತ್ತರ ತರದs ತಿರಗಿ ಬರಬ್ಯಾಡ.’

‘ತರ್ತೇನಿ ಅಕ್ಕಾ.’

ಸವಿತಾಳ ಜೊತೆ ನಾವು ಹಡಗಿನಿಂದ ದ್ವೀಪದಲ್ಲಿ ಇಳಿದಾಗ ಬೆಳಗಿನ ಒಂಬತ್ತೂವರೆ, ಇನ್ನೂ ನಸುಗತ್ತಲು. ಗಾಳಿ ಮನುಷ್ಯನನ್ನು ನೂಕುತ್ತಿತ್ತು. ಒಂದು ಗಿಡವಿಲ್ಲ, ಬರೀ ಕಲ್ಲು, ಕಂದು ಹುಲ್ಲು, ಕುರಿ. ಮಂಗ್ಯಾನ ಟೊಪ್ಪಿಗೆ, ಅದರ ಮೇಲೆ ಕಂಬಳಿ, ಜೀವನದಲ್ಲಿ ಮೊದಲ ಸಲ ಪ್ಯಾಂಟು ಹಾಕಿದ ನಮ್ಮ ಮಿಸ್ತ್ರಿ ಸುತ್ತಲೂ ನೋಡಿ ಹೇಳಿದರು: ‘ನೆರಳು ಕೊಡೂ ಗಿಡ ಇಲ್ಲದ ಊರಾಗ ಹುಟ್ಟಿದಾಂವ ಹಂಗs ಇರ್ತಾನ ಬಿಡು.’

ಮೊದಲು ಸಮುದ್ರದ ದಂಡೆಯ ಸ್ಮಶಾನಕ್ಕೆ ಹೋದೆವು. ಕಲ್ಲು ಸಿಕ್ಕಿತು. ಕೆಳಗಿನ ಅರ್ಧ ಹುಲ್ಲು ಮಣ್ಣಿನಲ್ಲಿ ಹೂತಿತ್ತು. ಮೇಲಿನದನ್ನು ಸವಿತಾ ಓದಿದಳು: ಅವನ ಹೆಸರು, ಆಮೇಲೆ ‘ಇವನ ಹೆಂಡತಿ ಮೇರಿ, ಹಿಂದೂಸ್ತಾನದಲ್ಲಿ ಹುಟ್ಟಿದವಳು.’

ಮಿಸ್ತ್ರಿಯ ಮುಖ ಕೆಂಪೇರಿತು. ‘ಹಿಂದೂಸ್ತಾನದಾಕಿ! ನಮ್ಮ ಆಯಿನ್ನ ಹೊಳಿಗೆ ದಬ್ಬಿ, ಇನ್ನೊಬ್ಬಾಕಿನ್ನ ಕಟಗೊಂಡು ಬಂದಾನ, ಭಾಡ್ಯಾ. ನಡೀರಿ ಅವನ ಮನಿಗೆ.’

ಮನೆ ಅರ್ಧ ಮೈಲು. ಹತ್ತಿರವಾದಂತೆ ಒಂದು ಸಪ್ಪಳ ಕೇಳಿಸಿತು. ನನಗೇ ನಂಬಿಕೆ ಬರಲಿಲ್ಲ: ಮಗ್ಗ. ಆ ದ್ವೀಪದಲ್ಲಿ ಮನೆಮನೆಗೆ ತಗಡಿನ ಶೆಡ್ಡು, ಒಳಗೆ ಕಾಲಲ್ಲಿ ತುಳಿಯುವ ಕಬ್ಬಿಣದ ಮಗ್ಗ, ಉಣ್ಣೆಯ ಬಟ್ಟೆ. ಮಿಸ್ತ್ರಿ ದಾರಿಯಲ್ಲೇ ನಿಂತು ಕಣ್ಣು ಮುಚ್ಚಿದರು.

‘ಪಟ್ಟಿ ಸಡಿಲ ಐತಿ’ ಎಂದರು.

ಜಗಳಕ್ಕೆ ಬಂದವರು ಶೆಡ್ಡಿಗೆ ನುಗ್ಗಿ, ಬೆರಗಾಗಿ ನಿಂತ ಮುದುಕಿಯನ್ನು ಸನ್ನೆಯಿಂದಲೇ ಪಕ್ಕಕ್ಕೆ ಸರಿಸಿ, ಆಕೆಯದೇ ಪಾನಾ ಹಿಡಿದು ಪಟ್ಟಿ ಬಿಗಿದರು. ಆಮೇಲೆ ಕೈ ಒರೆಸಿಕೊಂಡು ಸವಿತಾಗೆ, ‘ಇನ್ನ ಕೇಳು’ ಎಂದರು. ಕೆಲಸ ಕಂಡರೆ ಬಿಡಲಾರದ ಜೀವ ಅದು. ಪೆಗ್ಗಿ ಮುದುಕಿ ಮಗ್ಗ ತುಳಿದು ನೋಡಿ, ನಕ್ಕು, ನಮ್ಮನ್ನು ಮನೆಯೊಳಗೆ ಕರೆದಳು. ಒಲೆಯಲ್ಲಿ ಕಟ್ಟಿಗೆಯ ಬದಲು, ಜೌಗಿನಿಂದ ಕಡಿದು ಒಣಗಿಸಿದ ಮಣ್ಣಿನ ಹೆಂಟೆ ಉರಿಯುತ್ತಿತ್ತು. ಸೆಗಣಿ ಕುಳ್ಳಿನ ಹೊಗೆಯಂಥದೇ ವಾಸನೆ.

ಚಳಿಯಾಗುತ್ತದೆಂದು ಆಕೆ ಮಿಸ್ತ್ರಿಯ ಕಾಲ ಮೇಲೆ ಒಂದು ಉಣ್ಣೆಯ ರಗ್ಗು ಹೊದಿಸಿದಳು. ಬಿಳಿ ಒಡಲು, ಎರಡೂ ತುದಿಗೆ ಸೆರಗಿನ ಹಾಗೆ ಕೆಂಪು ಪಟ್ಟೆ. ಮಿಸ್ತ್ರಿ ಬಾಯಿ ತೆರೆದಿದ್ದರು, ‘ನಮ್ಮ ಆಯಿ...’ ಎಂದು ಶುರು ಮಾಡಿದ್ದರು. ಅಷ್ಟರಲ್ಲಿ ಅವರ ಬೆರಳು ಬಿಳಿ ಮುಗಿದು ಕೆಂಪು ಶುರುವಾಗುವ ಜಾಗಕ್ಕೆ ಹೋಯಿತು. ಅಲ್ಲೇ ನಿಂತಿತು. ರಗ್ಗು ತಿರುವಿ ಹಾಕಿದರು. ನನ್ನ ಕಡೆ ಚಾಚಿದರು.

‘ನೋಡೋ.’

ಕುಣಿಕೆಯಲ್ಲಿ ಕುಣಿಕೆ. ಉಣ್ಣೆಯಲ್ಲಿ ಕೊಂಡಿ. ಎಡದಿಂದ, ಉಲ್ಟಾ.

ಇಡೀ ಭೂಮಿಯ ಮೇಲೆ ಒಂದು ಮನೆಯಲ್ಲಿ ಮಾತ್ರ ಹಾಕುವ ಕೊಂಡಿ ಅದು. ನಾನು ಕಣ್ಣಾರೆ ಅದನ್ನು ನೂರು ಸೀರೆಯಲ್ಲಿ ನೋಡಿದ್ದೇನೆ.

‘ಯಾರು ಹಾಕಿದ್ದು ಕೇಳವ್ವಾ’ ಎಂದರು ಮಿಸ್ತ್ರಿ.

ಸವಿತಾ ಕೇಳಿ ಹೇಳಿದಳು: ‘ಇವರs ಹಾಕಿದ್ದಂತ ಅಪ್ಪಾ. ಇವರ ಆಯಿ ಮೇರಿ ಕಲಿಸಿದ್ದಂತ. ಈ ದ್ವೀಪದಾಗ ಮತ್ಯಾರಿಗೂ ಬರೂದಿಲ್ಲಂತ.’

‘ಎಡಗೈಯಾಕಿ ಏನು?’

ಸವಿತಾ ಇಂಗ್ಲಿಷಿನಲ್ಲಿ ಕೇಳುವ ಮೊದಲೇ, ಮಿಸ್ತ್ರಿ ಎತ್ತಿದ ಎಡಗೈ ನೋಡಿ ಪೆಗ್ಗಿ ಜೋರಾಗಿ ತಲೆಯಾಡಿಸಿದಳು. ಆಮೇಲೆ ಒಳಗೆ ಹೋಗಿ ಒಂದು ಫೋಟೋ ತಂದಳು. ತಲೆಗೆ ಉಣ್ಣೆಯ ವಸ್ತ್ರ, ಕಾಲಿಗೆ ರಬ್ಬರಿನ ಬೂಟು, ಹಿಂದೆ ಕುರಿ. ಮೂಗಿನಲ್ಲಿ ಮೂಗುತಿ. ಮುಖ ನಮ್ಮ ನೀಲವ್ವಕ್ಕನದೇ, ತೆಗೆದಿಟ್ಟ ಹಾಗೆ.

ಹೊಳೆಗೆ ಬಿದ್ದವಳು ಹೊಳೆಗೆ ಬಿದ್ದಿರಲಿಲ್ಲ. ಆ ಗಾಳಿಯಲ್ಲಿ, ಆ ಮನೆಯಲ್ಲಿ, ನಲವತ್ತಕ್ಕೂ ಹೆಚ್ಚು ವರ್ಷ ಬಾಳಿದ್ದಳು. ಪೆಗ್ಗಿಯನ್ನು ಸಾಕಿ ದೊಡ್ಡವಳನ್ನಾಗಿ ಮಾಡಿದ್ದಳು.

ಮಿಸ್ತ್ರಿ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಸಿಟ್ಟು ಬಂತು, ಈ ಸಲ ಆಯಿಯ ಮೇಲೆ. ‘ಹಂಗಾರ ಕೂಸಿನ್ನ ಯಾಕ ಒಗದು ಬಂದ್ಳು? ನಮ್ಮಪ್ಪ ಜೀವ ಇರೂತನ ಪರದೇಶಿಯಂಗ ಬದುಕಿದಾ. ಕೇಳು ಅದನ್ನ!’

ಪೆಗ್ಗಿ ಹೇಳಿದ್ದನ್ನು ಸವಿತಾ ತುಂಡು ತುಂಡಾಗಿ ಹೇಳಿದಳು. ‘ಬಿಟ್ಟು ಬಂದಿಲ್ಲಂತ ಅಪ್ಪಾ. ಮೂರೂ ಮಂದಿ ಹೊರಟಿದ್ರಂತ. ಹೊರಡೂ ಹಿಂದಿನ ದಿನ ಅಣ್ಣ ಬಂದು, ದೇವರಿಗೆ ತೋರಿಸಿಕೊಂಡು ಬರ್ತೇನಿ ಅಂತ ಕೂಸಿನ್ನ ಒಯ್ದನಂತ. ತಿರಗಿ ಬರಲಿಲ್ಲಂತ. ಹುಡುಕಿದ್ರಂತ, ಸಿಗಲಿಲ್ಲಂತ. ಹಡಗ ತಪ್ಪತೈತಿ ಅಂತ ಗಂಡ ಎಳಕೊಂಡು ಬಂದನಂತ. ಇಲ್ಲಿಂದ ಅಣ್ಣಗ ಕಾಗದದ ಮ್ಯಾಲ ಕಾಗದ ಹಾಕಿಸಿದ್ಳಂತ. ಒಂದs ಉತ್ತರ ಬಂತಂತ.’

ಆ ಉತ್ತರ ಆ ಮನೆಯ ಬೈಬಲ್ಲಿನೊಳಗೆ ಇತ್ತು. ಒಂದು ಕಾರ್ಡು, ಕನ್ನಡದ್ದು. ಮಿಸ್ತ್ರಿ ತೆಗೆದುಕೊಂಡು ಓದಿದರು. ಮತ್ತೆ ಓದಿದರು. ಸವಿತಾ ಕೈ ಚಾಚಿದಾಗ ಕೊಡಲಿಲ್ಲ, ನನ್ನ ಕಡೆ ನೀಡಿದರು.

‘ನೀ ಓದು. ನನ್ನ ಕಣ್ಣು ತಪ್ಪಿರಬೇಕು.’

ನಾನು ಓದಿದೆ. ‘ಕೂಸು ಜ್ವರ ಬಂದು ತೀರಿಕೊಂಡಿತು. ನಿನ್ನನ್ನು ನಾವು ಹೊಳೆಗೆ ಕೊಟ್ಟಿದ್ದೇವೆ. ಇನ್ನು ಕಾಗದ ಹಾಕಬಾರದು.’ ಅಷ್ಟೇ. ಕೆಳಗೆ ಸಹಿ. ಅಕ್ಷರ ಬಲಕ್ಕೆ ವಾಲಿದ್ದವು. ಅದೇ ಅಕ್ಷರ ಮಿಸ್ತ್ರಿಯ ಮನೆಯಲ್ಲಿ ಮಗ್ಗದ ಹಳೆಯ ಅಚ್ಚು-ಹಣಿಗೆಗಳ ಮೇಲೆಲ್ಲ ಇವೆ, ನಾನೂ ಗುರುತಿಸಬಲ್ಲೆ. ಮುತ್ಯಾನ ಅಕ್ಷರ.

ಆಯಿಗೆ ಓದು ಬರುತ್ತಿರಲಿಲ್ಲ, ಗಂಡನಿಗೆ ಕನ್ನಡದ ಅಕ್ಷರ ಬರುತ್ತಿರಲಿಲ್ಲ. ಆ ಕಾರ್ಡು ಹಿಡಿದುಕೊಂಡು, ಹಡಗು ಹತ್ತಿ, ಗ್ಲಾಸ್ಗೋಗೆ ಹೋಗಿ, ಧಾರವಾಡದ ಕಡೆ ಇದ್ದು ಬಂದ ಒಬ್ಬ ಪಾದ್ರಿಯನ್ನು ಹುಡುಕಿ ಓದಿಸಿಕೊಂಡಳಂತೆ. ತಿರುಗಿ ಬಂದವಳು ಆ ಮೇಲೆ ಕನ್ನಡದಲ್ಲಿ ಒಂದು ಮಾತನ್ನೂ ಆಡಲಿಲ್ಲವಂತೆ. ಮೇರಿ ಎಂದು ಕರೆದರೆ ಓ ಎನ್ನತೊಡಗಿದ್ದು ಅಂದಿನಿಂದಲೇ ಅಂತೆ.

ಗಾಳಿಗೆ ಹಡಗು ನಿಂತಿತು. ನಾಲ್ಕು ದಿನ ಅಲ್ಲೇ ಉಳಿದೆವು. ಮರುದಿನ ಮಿಸ್ತ್ರಿ ಪೆಗ್ಗಿಯ ಶೆಡ್ಡಿನಿಂದ ಸನಿಕೆ ತೆಗೆದುಕೊಂಡು ಸ್ಮಶಾನಕ್ಕೆ ನಡೆದರು. ನಾವೂ ಹಿಂದೆ ಹೋದೆವು. ಕಲ್ಲಿನ ಬುಡದ ಮಣ್ಣು ಕೆರೆದರು. ಮೇರಿಯ ಕೆಳಗೆ ಇನ್ನೊಂದು ಸಾಲಿತ್ತು. ಸವಿತಾ ಓದಲು ಹೋದವಳು ಬಾಯಿ ಮುಚ್ಚಿಕೊಂಡಳು. ಇಂಗ್ಲಿಷ್ ಅಕ್ಷರದಲ್ಲಿ ಅವಳ ಅಜ್ಜನ ಹೆಸರು, ಅಂದರೆ ಮಿಸ್ತ್ರಿಯ ಅಪ್ಪನ ಹೆಸರು. ಮುಂದೆ: ‘ವಯಸ್ಸು ಮೂರು.’

ಎಪ್ಪತ್ತು ದಾಟಿ ಬದುಕಿ, ಬನಹಟ್ಟಿಯಲ್ಲಿ ನಮ್ಮ ಹೆಗಲ ಮೇಲೆ ಹೋದ ಮನುಷ್ಯ. ನಾನೂ ಹೆಗಲು ಕೊಟ್ಟಿದ್ದೆ.

ಮಿಸ್ತ್ರಿ ಜೇಬಿನಿಂದ ಉಳಿ ತೆಗೆದರು. ಹೊರಡುವಾಗಲೇ ಶೆಡ್ಡಿನಿಂದ ತಂದಿದ್ದರೇನೋ. ‘ಸುಳ್ಳಿದು. ಕೆತ್ತಿ ಹಾಕ್ತೇನಿ. ಇಂವ ಸತ್ತಿಲ್ಲ. ನನ್ನ ಹಡದಾನ ಇಂವ!’

ಪೆಗ್ಗಿ ಬಂದು ಕಲ್ಲಿಗೆ ಅಡ್ಡ ನಿಂತಳು. ಸಣ್ಣ ಹೆಂಗಸು, ಗಾಳಿಗೆ ತೂರಾಡುತ್ತಿದ್ದಳು, ಆದರೆ ಸರಿಯಲಿಲ್ಲ. ಆಕೆ ಹೇಳಿದ್ದನ್ನು ಸವಿತಾ ಅಳುತ್ತಲೇ ಕನ್ನಡಿಸಿದಳು:

‘ಮುಟ್ಟಬ್ಯಾಡ ಅಂತಾರಪ್ಪಾ. ಈ ಸಾಲು ಅವರ ಆಯಿ, ಮ್ಯಾಲ ಗಂಡಗ ತನಗ ಜಾಗಾ ಬಿಟ್ಟು, ತನ್ನ ಕೈಯ ದುಡಿಮಿಲೆ ಕೆತ್ತಿಸಿದ್ದಂತ. ಪ್ರತಿ ಐತವಾರ ಚರ್ಚ್ ಮುಗಿಸಿ ಇದರ ಮುಂದ ನಿಂದರತಿದ್ಳಂತ. ಮಗ ಬದುಕಿದ್ದ ಅಂದ್ರ ಅಕೀಗೆ ಯಾರು ಹೇಳಬೇಕಾಗಿತ್ತು, ಅಂತ ಕೇಳಾಕತ್ತಾರ.’

ಕೇಳಲು ಹೋದವರು ನಾವು. ಆ ಪ್ರಶ್ನೆ ತಿರುಗಿ ಬಂದು ನಮ್ಮ ಎದೆಗೇ ನಿಂತಿತು. ನಲವತ್ತು ವರ್ಷ ಜೊತೆಗಿದ್ದೇನೆ, ನಮ್ಮ ಮಿಸ್ತ್ರಿ ಯಾರ ಮುಂದೆಯೂ ತಲೆ ತಗ್ಗಿಸಿದ್ದನ್ನು ನೋಡಿಲ್ಲ. ಅಂದು ಉಳಿ ಕೆಳಗಿಟ್ಟು, ಆ ಮುದುಕಿಗೆ ಎರಡೂ ಕೈ ಜೋಡಿಸಿದರು.

‘ತಪ್ಪು ನಮ್ಮ ಮನೀದೈತಿ ಅಂತ ಹೇಳವ್ವಾ.’

ತಿರುಗಿ ಬರುವಾಗ ಒಂದು ಹಡಗು, ಗ್ಲಾಸ್ಗೋದಲ್ಲಿ ಸವಿತಾಳನ್ನು ಬಿಟ್ಟು ಎರಡು ವಿಮಾನ, ಒಂದು ಬಸ್ಸು. ಜಮಖಂಡಿ ಬಿಟ್ಟ ಮೇಲೆ ನಾನೇ ಹೇಳಿದೆ, ‘ಮಿಸ್ತ್ರಿ, ಅಕ್ಕಗ ಹೇಳಬ್ಯಾಡ್ರಿ. ಎಂಬತ್ತರ ಜೀವ. ಗೋರಾಂದs ತಪ್ಪು ಅಂದುಬಿಡ್ರಿ, ಮುಗೀತು.’

‘ಉತ್ತರ ತಾ ಅಂದಾಳೋ. ಏನ ಸಿಕ್ಕೈತಿ ಅದನ್ನs ಕೊಡಬೇಕು.’

ಮನೆಗೂ ಹೋಗದೆ, ಚೀಲ ಕೈಯಲ್ಲಿ ಹಿಡಿದೇ ರಬಕವಿಯಲ್ಲಿ ಇಳಿದರು. ನೀಲವ್ವಕ್ಕ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮಿಸ್ತ್ರಿ ಎದುರು ಕೂತು, ಒಂದೂ ಬಿಡದೆ ಹೇಳಿದರು. ಕಾರ್ಡಿನ ಮೂರು ಮಾತುಗಳನ್ನೂ ಹೇಳಿದರು. ಬರೆದವರ ಹೆಸರನ್ನೂ ಹೇಳಿದರು. ಅಕ್ಕನ ಕೈ ಮೊರದ ಮೇಲೆ ಹಾಗೇ ನಿಂತಿತ್ತು. ಅಳಲಿಲ್ಲ, ಬೈಯಲಿಲ್ಲ. ಲೆಕ್ಕ ಕೇಳುವವಳ ಹಾಗೆ ಕೇಳಿದಳು:

‘ಹಂಗಾರ ನಾ ಹುಟ್ಟಿದಾಗ ಇದ್ಳು?’

‘ಇದ್ಳು.’

‘ನೀ ಹುಟ್ಟಿದಾಗ?’

‘ಇದ್ಳಕ್ಕಾ.’

‘ನನ್ನ ಲಗ್ನದಾಗ, ಸತ್ತಾಕಿ ಆಶೀರ್ವಾದ ಅಂತ ಅಕಿ ಹೆಸರಿನ ಸೀರಿ ಉಡಿಸಿದ್ರಲ್ಲ?’

‘ಅವಾಗೂ ಇದ್ಳು.’

ಅಕ್ಕ ಜೋಳದ ಮೊರ ಪಕ್ಕಕ್ಕೆ ಸರಿಸಿದಳು. ತಮ್ಮನ ಮುಖ ನೋಡಲಿಲ್ಲ.

‘ಅಪ್ಪ ಸಣ್ಣಾಂವ ಇದ್ದಾಗ ದಿನಾ ಹೊಳಿ ದಂಡಿಗೆ ಹೋಗಿ ನಿಂತು, ಯವ್ವಾ, ಯವ್ವಾ ಅಂತ ಒದರತಿದ್ದನಂತ. ಕೂಸು ನೀರಿಗೆ ಇಳದೀತು ಅಂತ ಮುತ್ಯಾ ಹಿಂದs ನಿಂತಿರತಿದ್ದನಂತ. ಅಪ್ಪನs ಹೇಳ್ಯಾನ ನನಗ, ಎಷ್ಟು ಜೀವ ಮಾಡತಿದ್ದ ನೋಡು ಮುತ್ಯಾ ಅಂತ.’

ಮಿಸ್ತ್ರಿ ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು.

‘ಒಂದು ಸಲಾನೂ ಹೇಳಬೇಕನಿಸಲಿಲ್ಲ ಮುತ್ಯಾಗ’ ಎಂದಳು ಅಕ್ಕ, ‘ಮಗಾ, ಹೊಳಿ ಕಡೆ ಅಲ್ಲೋ, ಸಮುದ್ರದ ಕಡೆ ತಿರಗಿ ಕೂಗು ಅಂತ.’